ಸ್ಟ್ರಾಸ್‌ಬರ್ಗಿನ ಗೋಪುರವೂ ಅತ್ತಿಗೆಯವರ ಏಣಿಯೂ

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡು, ಸ್ಟ್ರಾಸ್‌ಬರ್ಗ್ ಎಂಬ ಪುರಾತನ ಪಟ್ಟಣವಿದೆ. ಇಲ್ ಎಂಬ ಪುಟ್ಟ ನದಿಯು ಇಲ್ಲಿ ಎರಡು ಕವಲಾಗಿ ಒಡೆದು ಹಳೆಯ ಊರನ್ನೆಲ್ಲ ಒಂದು ನಡುಗಡ್ಡೆಯನ್ನಾಗಿ ಮಾಡಿದೆ. ಅಲ್ಲಿಂದ ಸುಮಾರು ಮೂರು ಮೈಲು ಪೂರ್ವಕ್ಕೆ ಹೋದರೆ ರೈನ್ ಮಹಾನದಿ. ಅದರ ಆಚೆಯ ದಡವೇ ಜರ್ಮನಿ. ಈ ಊರಿನ ಹಣೆಬರಹವೂ ಒಂದು ಸೋಜಿಗ. 1681ರಲ್ಲಿ ಇದು ಫ್ರೆಂಚರ ಕೈಸೇರಿತು. 1871ರಲ್ಲಿ ಜರ್ಮನರದಾಯಿತು. 1918ರಲ್ಲಿ ಮತ್ತೆ ಫ್ರೆಂಚರದು, 1940ರಲ್ಲಿ ಮತ್ತೆ ಜರ್ಮನರದು, 1944ರಲ್ಲಿ ಮರಳಿ ಫ್ರೆಂಚರದು. ದೀರ್ಘಾಯುಷಿಯಾದ ಒಬ್ಬ ಅಜ್ಜ ತನ್ನ ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಸಲ ದೇಶ ಬದಲಿಸಿದ ಊರು ಇದು. ಹೊಟ್ಟೆಪಾಡಿಗಾಗಿ ಹೊಸ್ತಿಲು ದಾಟಿ ಬಂದು ಪರಸ್ಥಳದಲ್ಲಿ ಕನ್ನಡ ಸಂಘ ಕಟ್ಟಿಕೊಂಡಿರುವ ನಮ್ಮಂಥವರಿಗೆ ಈ ಕಥೆ ಕೇಳಿ ನಗುವೂ ಬಂತು, ಕನಿಕರವೂ ಬಂತು.

ಕಳೆದ ವರ್ಷದ ಮೇ ತಿಂಗಳಲ್ಲಿ ನಾವು ಮೂರು ವಾರ ಈ ಊರಿನಲ್ಲಿದ್ದೆವು. ನಾವೆಂದರೆ ನಾವಿಬ್ಬರು ದಂಪತಿಗಳು ಮತ್ತು ನಮ್ಮ ಅತ್ತಿಗೆಯವರು. ನಮ್ಮ ಮಗಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಅವಳ ಕೋಣೆಯ ಕಿಟಕಿಯಿಂದ ಎತ್ತ ಕಣ್ಣು ಹಾಯಿಸಿದರೂ ಕಡೆಗೆ ಅದು ಹೋಗಿ ನಿಲ್ಲುತ್ತಿದ್ದುದು ಒಂದೇ ಕಡೆ, ಊರಿನ ನಡುವೆ ನಿಂತ ಮಹಾ ಇಗರ್ಜಿಯ ಗೋಪುರದ ಮೇಲೆ.

ವೋಜ್ ಪರ್ವತದ ಕೆಂಬಣ್ಣದ ಮರಳುಕಲ್ಲಿನಿಂದ ಕಟ್ಟಿದ ಈ ಇಗರ್ಜಿ ಬೆಳಗಿಗೆ ಒಂದು ಬಣ್ಣ, ಸಂಜೆಗೆ ಇನ್ನೊಂದು ಬಣ್ಣ ತಾಳುತ್ತದೆ. ಶಿಖರದ ತುದಿ 142 ಮೀಟರು, ಅಂದರೆ ಸುಮಾರು 466 ಅಡಿ ಎತ್ತರ. ಅದು ಮುಗಿದದ್ದು 1439ರಲ್ಲಿ. 1647ರಿಂದ 1874ರವರೆಗೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ಎರಡು ಗೋಪುರ ಇರಬೇಕಾದಲ್ಲಿ ಒಂದೇ ಇದೆ; ಇನ್ನೊಂದರ ಶಿಖರ ಏಳಲೇ ಇಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ಇಷ್ಟೆತ್ತರದ ಶಿಖರ ಸಮಾನತೆಯ ತತ್ವಕ್ಕೆ ಅಪಮಾನವೆಂದು ಅದನ್ನು ಕೆಡವಿಹಾಕುವ ಮಾತೆದ್ದಿತಂತೆ. ಜಾಣರಾದ ಊರಿನವರು 1794ರಲ್ಲಿ ತಗಡಿನದೊಂದು ದೊಡ್ಡ ಕೆಂಪು ಟೊಪ್ಪಿಗೆ, ಕ್ರಾಂತಿಕಾರರು ತೊಡುತ್ತಿದ್ದಂಥದು, ಶಿಖರದ ತಲೆಗೆ ಹಾಕಿ ಅದನ್ನು ಉಳಿಸಿಕೊಂಡರು.

ಶಿಖರದ ತುದಿಗೆ ಈಗ ಜನರನ್ನು ಬಿಡುವುದಿಲ್ಲ. ಆದರೆ 66 ಮೀಟರು ಎತ್ತರದಲ್ಲಿ, ಅಂದರೆ 216 ಅಡಿಗಳಷ್ಟು ಮೇಲೆ, ವಿಶಾಲವಾದೊಂದು ಜಗುಲಿಯಿದೆ. ಸುಮಾರು 330 ಸುರುಳಿ ಮೆಟ್ಟಿಲುಗಳನ್ನು ಹತ್ತಿ ಅಲ್ಲಿಗೆ ಹೋಗಬಹುದು. ಹಿಂದಿನ ಕಾಲದಲ್ಲಿ ಊರಿಗೆಲ್ಲಾದರೂ ಬೆಂಕಿ ಬಿದ್ದೀತೆಂದು ಕಾಯುತ್ತಿದ್ದ ಕಾವಲುಗಾರರ ಮನೆ ಇಂದಿಗೂ ಆ ಜಗುಲಿಯ ಮೇಲಿದೆ. ನಮ್ಮ ಪ್ರವಾಸದ ಕಥೆಯೆಲ್ಲ ಈ ಜಗುಲಿಯ ಸುತ್ತಲೇ ನಡೆದದ್ದು.

ಈ ಗೋಪುರಕ್ಕೆ ಇನ್ನೊಂದು ಖ್ಯಾತಿಯೂ ಇದೆ. 1770ರ ಏಪ್ರಿಲಿನಲ್ಲಿ ಇಪ್ಪತ್ತು ವರ್ಷದ ಒಬ್ಬ ತರುಣ ಕಾಯಿದೆ ಓದಲು ಈ ಊರಿಗೆ ಬಂದ. ಮುಂದೆ ಜರ್ಮನಿಯ ಮಹಾಕವಿಯಾದ ಗಯಟೆ ಅವನು. ಕಾಳಿದಾಸನ ಶಾಕುಂತಲವನ್ನು ಜರ್ಮನ್ ಅನುವಾದದಲ್ಲಿ ಓದಿ ಮೆಚ್ಚಿ ಕೊಂಡಾಡಿದವನೆಂದು ನಮ್ಮವರಿಗೆಲ್ಲ ಪರಿಚಿತನಾದವನು. ಆ ತರುಣನಿಗೆ ಕೆಲವು ದೌರ್ಬಲ್ಯಗಳಿದ್ದವು. ಎತ್ತರದಿಂದ ಕೆಳಗೆ ನೋಡಿದರೆ ತಲೆ ಸುತ್ತುತ್ತಿತ್ತು. ದೊಡ್ಡ ಸದ್ದು ಸಹಿಸುತ್ತಿರಲಿಲ್ಲ. ರೋಗಿಗಳನ್ನು ಕಂಡರೆ ಹೇಸಿಗೆಯಾಗುತ್ತಿತ್ತು. ಕತ್ತಲೆ, ಸ್ಮಶಾನ ಎಂದರೆ ಎದೆ ನಡುಗುತ್ತಿತ್ತು. ಇವನ್ನೆಲ್ಲ ತಾನು ಹೇಗೆ ಕಳೆದುಕೊಂಡೆನೆಂಬುದನ್ನು ಆತ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಸಂಜೆ ಸೈನಿಕರ ನಗಾರಿಗಳು ಬಾರಿಸುವ ಹೊತ್ತಿಗೆ ಎದೆ ಒಡೆಯುವಂತಾದರೂ ಅವುಗಳ ಪಕ್ಕದಲ್ಲಿಯೇ ನಡೆದು ಹೋಗುತ್ತಿದ್ದ. ವೈದ್ಯ ವಿದ್ಯಾರ್ಥಿಗಳ ಜೊತೆ ಸೇರಿ ಶರೀರ ಛೇದನದ ಪಾಠಗಳಿಗೆ ಹೋಗುತ್ತಿದ್ದ. ರಾತ್ರಿಯ ಹೊತ್ತು ಸ್ಮಶಾನ, ನಿರ್ಜನ ಸ್ಥಳಗಳಲ್ಲಿ ತಿರುಗಾಡುತ್ತಿದ್ದ. ಎತ್ತರದ ಭಯಕ್ಕಾಗಿ ಈ ಗೋಪುರವನ್ನೇ ಹಿಡಿದ. ಒಬ್ಬನೇ ಶಿಖರದ ತುದಿಯವರೆಗೂ ಹತ್ತಿ, ಕಿರೀಟದ ಕೆಳಗಿನ ಕೊರಳಿನಂಥ ಜಾಗದಲ್ಲಿ ಕಾಲು ಗಂಟೆ ಸುಮ್ಮನೆ ಕೂತು, ಆಮೇಲೆ ಬಯಲಿಗೆ ಹೆಜ್ಜೆಯಿಡುತ್ತಿದ್ದ. ಅಲ್ಲಿ ಒಂದು ಮೊಳದಗಲದ ಕಲ್ಲು. ಹಿಡಿದುಕೊಳ್ಳಲು ಏನೂ ಇಲ್ಲ. ಸುತ್ತಲೂ ಬರೀ ಆಕಾಶ. ಈ ಯಾತನೆಯನ್ನು ಮತ್ತೆ ಮತ್ತೆ ಅನುಭವಿಸಿ, ಕಡೆಗೆ ಅದು ಏನೂ ಅನ್ನಿಸದಂತಾಯಿತು. ಮುಂದೆ ಬೆಟ್ಟಗಳನ್ನು ಹತ್ತುವಾಗಲೂ, ಕಟ್ಟುತ್ತಿರುವ ಮನೆಗಳ ತೊಲೆಗಳ ಮೇಲೆ ಬಡಗಿಗಳ ಸರಿಸಾಟಿಯಾಗಿ ನಡೆಯುವಾಗಲೂ ಈ ಅಭ್ಯಾಸ ತನಗೆ ಒದಗಿತೆಂದು ಆತ ಹೇಳಿಕೊಂಡಿದ್ದಾನೆ. ಮಾನಸಶಾಸ್ತ್ರವೆಂಬ ಶಾಸ್ತ್ರ ಹುಟ್ಟುವುದಕ್ಕೆ ನೂರು ವರ್ಷ ಮುಂಚೆ, ಯಾರೂ ಹೇಳಿಕೊಡದೆ, ಆತ ಮಾಡಿದ ಚಿಕಿತ್ಸೆ ಇದು.

ಈ ಕಥೆಯನ್ನು ನಮಗೆ ಹೇಳಿದವರು ನಮ್ಮ ಅತ್ತಿಗೆಯವರು. ಎತ್ತರವೆಂದರೆ ಹೆದರುವ ಅವರೇ ಇದನ್ನು ಎಲ್ಲಿಂದಲೋ ಓದಿಕೊಂಡು ಬಂದು, ವಿಮಾನದಲ್ಲಿ ಕಿಟಕಿಯ ಪರದೆ ಇಳಿಸಿಕೊಂಡು ಕೂತು ನಮಗೆ ಹೇಳಿದರು.

ಅತ್ತಿಗೆಯವರಿಗೆ ಈಗ ಅರವತ್ತೆರಡು. ಧಾರವಾಡದ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದಂದಿನಿಂದ ಉಪನಗರದ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿಯೇ ಬದುಕಿದವರು. ನಾವೂ ಅದೇ ಮನೆಯಲ್ಲಿ ಬೆಳೆದವರು. ಅಣ್ಣನವರು ತೀರಿಕೊಂಡ ಮೇಲೆಯೂ ಮನೆಯ ಯಜಮಾನಿಕೆ ಅವರದೇ. ಆದರೆ ಮೂರನೆಯ ಮಾಳಿಗೆ ದಾಟಿತೆಂದರೆ ಅವರ ಅಂಗೈ ಬೆವರುತ್ತಿತ್ತು, ಮೊಣಕಾಲು ಸೋಲುತ್ತಿತ್ತು. ಒಮ್ಮೆ ಬಂಧುಗಳೊಬ್ಬರ ಏಳನೆಯ ಮಾಳಿಗೆಯ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಅತ್ತಿಗೆಯವರು ಕೈಯಾರೆ ಮಾಡಿದ ಅಂಟಿನುಂಡೆಯ ಡಬ್ಬಿ ಮೇಲೆ ಹೋಯಿತು. ಅವರು ಮಾತ್ರ ಕೆಳಗೆ ವಾಚ್‌ಮನ್ನನ ಕುರ್ಚಿಯ ಮೇಲೆ ಎರಡು ತಾಸು ಕೂತು, ಮಗುವನ್ನು ಕೆಳಕ್ಕೆ ತಂದು ತೋರಿಸಿದಾಗ ನೋಡಿ ಮನೆಗೆ ಬಂದರು.

ಹೀಗಿರುವಾಗ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮುಂಬಯಿಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯದನ್ನು ಕೆಡವಿ ಇಪ್ಪತ್ತೆರಡು ಮಾಳಿಗೆಯ ಗೋಪುರ ಕಟ್ಟುತ್ತಾರೆ. ಚೀಟಿ ಎತ್ತಿದಾಗ ನಮ್ಮ ಪಾಲಿಗೆ ಬಂದದ್ದು ಹದಿನಾಲ್ಕನೆಯ ಮಾಳಿಗೆ. ಅಂದು ರಾತ್ರಿ ಊಟವಾದ ಮೇಲೆ ಅತ್ತಿಗೆಯವರು ಶಾಂತವಾಗಿಯೇ ಹೇಳಿದರು: “ನೀವೆಲ್ಲಾ ಹೋಗ್ರಿ. ನಾ ಧಾರವಾಡದಾಗ ಹಳೇ ಮನಿಯೊಳಗ ಇರ್ತೇನಿ. ಅಲ್ಲೆ ನೆಲದ ಮ್ಯಾಲೆ ಕಾಲರೆ ಇರ್ತಾವ.” ಧಾರವಾಡದ ಆ ಮನೆಯಲ್ಲಿ ಈಗ ಯಾರೂ ಇಲ್ಲ. ಬೀಗ ತೆಗೆದು ಒಬ್ಬರೇ ಇರಬೇಕು. ನಮ್ಮನ್ನು ಮಕ್ಕಳಂತೆ ಸಾಕಿದವರು ಎತ್ತರಕ್ಕೆ ಹೆದರಿ ಒಬ್ಬಂಟಿಯಾಗಿ ಮುಪ್ಪು ಕಳೆಯಬೇಕೆಂಬುದನ್ನು ನೆನೆದರೆ ನಮಗೆ ಅನ್ನ ಇಳಿಯುತ್ತಿರಲಿಲ್ಲ. ಕಡೆಗೆ ಮನೋವೈದ್ಯರೊಬ್ಬರನ್ನು ಕಾಣಲು ಅವರು ಒಪ್ಪಿದ್ದೂ ನಮ್ಮ ಒತ್ತಾಯಕ್ಕಲ್ಲ. “ಕೇಳಿಯಾದರೂ ಬರೋಣು” ಎಂದು ತಾವಾಗಿಯೇ ಹೊರಟರು.

ಆ ವೈದ್ಯರು ಮೊದಲು ಕೊಟ್ಟದ್ದು ಗುಳಿಗೆಯಲ್ಲ, ಒಂದು ಹಾಳೆ ಕಾಗದ. ಅದರ ಮೇಲೆ ಹತ್ತು ಮೆಟ್ಟಿಲಿನ ಏಣಿಯೊಂದನ್ನು ಬರೆದು, ನಿಮಗೆ ಭಯ ಹುಟ್ಟಿಸುವ ಸಂದರ್ಭಗಳನ್ನು ಕಡಿಮೆಯಿಂದ ಹೆಚ್ಚಿಗೆ ಇದರಲ್ಲಿ ತುಂಬಿರಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಿರಿ ಎಂದರು. ಎರಡನೆಯ ಮಾಳಿಗೆಯ ಕಿಟಕಿಯಿಂದ ಒಂದು ಮಾರು ದೂರ ನಿಲ್ಲುವುದು, ಇಪ್ಪತ್ತು ಅಂಕ. ಜನ ಕಡಿಮೆಯಿರುವಾಗ ರೇಲ್ವೆಯ ಮೇಲುಸೇತುವೆ ದಾಟುವುದು, ಮೂವತ್ತು. ಕಣ್ಣು ತೆರೆದುಕೊಂಡು ಲಿಫ್ಟಿನಲ್ಲಿ ಐದನೆಯ ಮಾಳಿಗೆಗೆ ಹೋಗುವುದು, ನಲವತ್ತೈದು. ಹೀಗೆ ಏರುತ್ತ ಹೋಗಿ ಹತ್ತನೆಯ ಮೆಟ್ಟಿಲು ಹದಿನಾಲ್ಕನೆಯ ಮಾಳಿಗೆಯ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುವುದು, ಪೂರ್ತಿ ನೂರು.

ವೈದ್ಯರ ನಿಯಮಗಳು ಕೆಲವೇ. ಭಯ ಏರಿದ ಕ್ಷಣಕ್ಕೆ ಓಡಿಬರಬಾರದು. ಅದು ತಾನಾಗಿ ಅರ್ಧಕ್ಕೆ ಇಳಿಯುವ ತನಕ ಅಲ್ಲಿಯೇ ಇರಬೇಕು. ಓಡಿಬಂದಾಗ ಆಗುವ ಸಮಾಧಾನವೇ ಭಯಕ್ಕೆ ಹಾಕುವ ಕೂಳು. ಮುಂದಿನ ಸಲ ಅದು ಇನ್ನಷ್ಟು ಕೊಬ್ಬಿ ಬರುತ್ತದೆ. ಕಣ್ಣು ಮುಚ್ಚುವುದು, ಇನ್ನೊಬ್ಬರ ಕೈ ಬಿಗಿಯಾಗಿ ಹಿಡಿಯುವುದು ಮುಂತಾದ ಆಸರೆಗಳನ್ನು ಒಂದೊಂದಾಗಿ ಬಿಡಬೇಕು. ಒಂದು ಮೆಟ್ಟಿಲು ಬೇಸರ ಬರುವಷ್ಟು ರೂಢಿಯಾದ ಮೇಲೆಯೇ ಮುಂದಿನದು. ಮತ್ತು ಯಾವ ಮೆಟ್ಟಿಲು ಯಾವಾಗ ಎಂಬುದನ್ನು ನಿಶ್ಚಯಿಸುವವರು ಹೆದರುವವರೇ ಹೊರತು ಮನೆಮಂದಿಯಲ್ಲ. ಈ ಭಯ ಯಾವಾಗ, ಏತರಿಂದ ಹುಟ್ಟಿತೆಂದು ನಾವು ಕೇಳಿದೆವು. ಗೊತ್ತಾದರೆ ಒಳ್ಳೆಯದೇ, ಗೊತ್ತಾಗದಿದ್ದರೂ ಏಣಿ ಹತ್ತಲು ಅಡ್ಡಿಯಿಲ್ಲ ಎಂದರು.

ಈ ಪದ್ಧತಿಯ ಹಿಂದೆ ನೂರು ವರ್ಷದ ಇತಿಹಾಸವಿದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ, ಮೊಲವೆಂದರೆ ಚೀರುತ್ತಿದ್ದ ಪೀಟರ್ ಎಂಬ ಸುಮಾರು ಮೂರು ವರ್ಷದ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಪಂಜರದಲ್ಲಿದ್ದ ಮೊಲವನ್ನು ಮೊದಲು ಕೋಣೆಯ ದೂರದ ಮೂಲೆಯಲ್ಲಿಟ್ಟು, ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ದಿನದಿನಕ್ಕೆ ಹತ್ತಿರ ತಂದರು. ಹೆದರದೆ ಮೊಲದೊಡನೆ ಆಡುವ ಬೇರೆ ಮಕ್ಕಳನ್ನೂ ಅವನ ಮುಂದೆ ಬಿಟ್ಟರು. ಕಡೆಗೆ ಪೀಟರ್ ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡ. ತರುವಾಯ ದಕ್ಷಿಣ ಆಫ್ರಿಕದ ಜೋಸೆಫ್ ವುಲ್ಪೆ ಎಂಬ ವೈದ್ಯರು, ಒಂದು ಕೋಣೆಯಲ್ಲಿ ಬೆದರಿದ ಬೆಕ್ಕುಗಳಿಗೆ ಮೊದಲು ಆ ಕೋಣೆಯನ್ನು ಅಷ್ಟಾಗಿ ಹೋಲದ ಕೋಣೆಯಲ್ಲಿ, ಆಮೇಲೆ ಹೆಚ್ಚು ಹೆಚ್ಚು ಹೋಲುವ ಕೋಣೆಗಳಲ್ಲಿ ಊಟವಿಟ್ಟು ಅವುಗಳ ಭಯ ಬಿಡಿಸಿದರು. ಮನುಷ್ಯರಿಗೂ ಮೈಯ ಸ್ನಾಯುಗಳನ್ನು ಸಡಿಲಬಿಡುವುದನ್ನು ಮೊದಲು ಕಲಿಸಿ, ಭಯದ ಏಣಿಯನ್ನು ಮನಸ್ಸಿನಲ್ಲಿಯೇ ಹತ್ತಿಸುವ ಕ್ರಮವನ್ನು 1958ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮುಂದಿನ ಸಂಶೋಧಕರು ಕಂಡುಕೊಂಡದ್ದು ಇಷ್ಟು: ಮೈ ಸಡಿಲಿಸುವುದು ಅನುಕೂಲವೇ, ಆದರೆ ಅದೇ ಮುಖ್ಯವಲ್ಲ, ಭಯದ ವಸ್ತುವಿನ ಎದುರು ಸಾಕಷ್ಟು ಹೊತ್ತು ನಿಲ್ಲುವುದೇ ಮುಖ್ಯ. ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಮಗ್ಗುಲಿಗೆ ‘ಇಲ್ಲಿ ನಿಂತರೂ ನನಗೇನೂ ಆಗಲಿಲ್ಲ’ ಎಂಬ ಹೊಸ ಪಾಠ ಬೇರೂರುತ್ತದೆ. ಅದಕ್ಕೇ ಒಂದೇ ಸ್ಥಳದಲ್ಲಿ ಅಭ್ಯಾಸ ಮಾಡದೆ ಹತ್ತು ಕಡೆ ಮಾಡಬೇಕು.

ನಾವು ಪ್ರವಾಸ ಹೊರಟಾಗ ಅತ್ತಿಗೆಯವರು ಐದನೆಯ ಮೆಟ್ಟಿಲಿನಲ್ಲಿದ್ದರು. ಕಾಗದ ನಾಲ್ಕು ಮಡಿಕೆಯಾಗಿ ಅವರ ಚೀಲದಲ್ಲಿತ್ತು. ಪರಸ್ಥಳಕ್ಕೆ ಹೋದರೆ ಅಭ್ಯಾಸ ತಪ್ಪೀತೆಂದು ಅವರು ವೈದ್ಯರನ್ನು ಕೇಳಿದಾಗ, “ಬೇರೆ ಊರಾದರೆ ಇನ್ನೂ ಒಳ್ಳೆಯದೇ, ಆದರೆ ಅಂಕ ನಿಮ್ಮದೇ ಇರಲಿ” ಎಂದಿದ್ದರಂತೆ.

ಸ್ಟ್ರಾಸ್‌ಬರ್ಗಿನಂಥ ಊರು ಇಂಥ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಹಳೆಯ ಊರಿನ ಪಶ್ಚಿಮದ ಮೂಲೆಯಲ್ಲಿ ನದಿಯ ಕವಲುಗಳಿಗೆ ‘ಮುಚ್ಚಿದ ಸೇತುವೆಗಳು’ ಎಂಬ ಸೇತುವೆಗಳಿವೆ. ಅವುಗಳ ಮೇಲಿದ್ದ ಮಾಡು ಹದಿನೆಂಟನೆಯ ಶತಮಾನದಲ್ಲಿಯೇ ಹೋಗಿ, ಈಗ ಹೆಸರಷ್ಟೇ ಮುಚ್ಚಿದೆ, ಸೇತುವೆ ಬಯಲಾಗಿದೆ. ಕೆಳಗಿನ ನೀರು ಕೈಗೆಟುಕುವಷ್ಟು ಹತ್ತಿರ. ಮೊದಲ ಎರಡು ದಿನ ಅತ್ತಿಗೆಯವರು ಆ ಸೇತುವೆಗಳ ಅಂಚಿನಲ್ಲಿ ನಿಂತು, ತೇಲುವ ಬಾತುಕೋಳಿಗಳನ್ನು ನೋಡಿದರು. ಹದಿನೈದು ಅಂಕಕ್ಕೆ ಮೀರಲಿಲ್ಲ.

ಅದರ ಎದುರಿಗೇ ವೋಬಾನ್ ಕಟ್ಟೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ವೈರಿಗಳು ಬಂದರೆ ನೀರು ತಡೆದು ಊರಿನ ದಕ್ಷಿಣದ ನೆಲವನ್ನು ಮುಳುಗಿಸಿಬಿಡಲು ಕಟ್ಟಿದ ಹದಿಮೂರು ಕಮಾನುಗಳ ಕಟ್ಟೆಯದು. ಈಗ ಅದರ ಮಾಳಿಗೆಯ ಮೇಲೆ ಜನ ತಿರುಗಾಡುತ್ತಾರೆ. ಅಲ್ಲಿಂದ ಕೆಂಪು ಹಂಚಿನ ಕಡಿದಾದ ಮಾಡುಗಳು, ಅವುಗಳ ಹಿಂದೆ ಇಗರ್ಜಿಯ ಗೋಪುರ ಎಲ್ಲ ಚೆಲುವಾಗಿ ಕಾಣುತ್ತವೆ. ಇಲ್ಲಿ ಮೂವತ್ತೈದು ಅಂಕ. ಮೂರು ದಿನ ಸಂಜೆ ಅಲ್ಲಿಗೇ ಹೋದೆವು. ನಾಲ್ಕನೆಯ ದಿನ ಅತ್ತಿಗೆಯವರು, “ಇಲ್ಲೆ ನೋಡೂದೇನ ಉಳಿದಿಲ್ಲ, ಬ್ಯಾರೆ ಕಡೆ ನಡೀರಿ” ಎಂದರು. ಬೇಸರ ಬಂದಿತ್ತು. ವೈದ್ಯರು ಹೇಳಿದ್ದ ಗುರುತು ಅದೇ.

ಆಮೇಲೆ ರೈನ್ ನದಿಯ ಕಾಲ್ಸೇತುವೆ. 2004ರಲ್ಲಿ ಕಟ್ಟಿದ ಈ ಸೇತುವೆ ಫ್ರಾನ್ಸಿನ ಸ್ಟ್ರಾಸ್‌ಬರ್ಗನ್ನೂ ಜರ್ಮನಿಯ ಕೇಲ್ ಎಂಬ ಊರನ್ನೂ ಕೂಡಿಸುತ್ತದೆ. ಒಂದು ದಾರಿ ತಗ್ಗಿನಲ್ಲಿ, ಇನ್ನೊಂದು ಕಮಾನಿನಂತೆ ಎತ್ತರದಲ್ಲಿ. ಎರಡೂ ನದಿಯ ನಟ್ಟನಡುವೆ ಒಂದು ಜಗುಲಿಯಲ್ಲಿ ಕೂಡುತ್ತವೆ. ಹಿಂದೆ ಎರಡು ದೇಶಗಳ ತೋಪುಗಳು ಒಂದನ್ನೊಂದು ನೋಡುತ್ತಿದ್ದ ನದಿಯ ಮೇಲೆ ಈಗ ತಾಯಂದಿರು ಕೂಸಿನ ಗಾಡಿ ತಳ್ಳಿಕೊಂಡು ಜರ್ಮನಿಗೆ ಹೋಗಿ ಬರುತ್ತಾರೆ. ಅಂದು ಗಾಳಿ ಜೋರಾಗಿತ್ತು. ಕೆಳಗೆ ರೈನ್ ನದಿಯ ಹಸುರು ನೀರು ವೇಗವಾಗಿ ಹರಿಯುತ್ತಿತ್ತು. ಅತ್ತಿಗೆಯವರ ಮುಖ ಬಿಳಿಚಿತು, ಅಂಕ ಅರವತ್ತೈದು. ಮಗಳು ಪಾಪ, “ದೊಡ್ಡವ್ವ, ಏನೂ ಆಗೂದಿಲ್ಲ, ಬರ್ರಿ” ಎಂದು ಕೈಚಾಚಿದಳು. ಅವರು ಆ ಕೈಯನ್ನು ಮೆಲ್ಲಗೆ ಸರಿಸಿ, “ನೀ ಧೈರ್ಯಾ ಹೇಳಬ್ಯಾಡವಾ. ಸುಮ್ಮನ ನನ್ನ ಬಾಜೂಕ ನಿಂದರು” ಎಂದರು. ನಾವು ನಾಲ್ವರೂ ಸುಮ್ಮನೆ ನಿಂತೆವು. ಒಂದು ಸರಕಿನ ದೋಣಿ ಬಂತು, ಹೋಯಿತು, ಇನ್ನೊಂದು ಬಂತು. ಇಪ್ಪತ್ತು ನಿಮಿಷಕ್ಕೆ ಅರವತ್ತೈದು ನಲವತ್ತಾಯಿತು, ಅರ್ಧ ತಾಸಿಗೆ ಮೂವತ್ತಾಯಿತು. ಅಂದು ನಾವು ಜರ್ಮನಿಗೆ ನಡೆದುಕೊಂಡು ಹೋಗಿ ಕಾಫಿ ಕುಡಿದು ಬಂದೆವು. ಬರುವಾಗ ಅತ್ತಿಗೆಯವರು ಎತ್ತರದ ದಾರಿಯನ್ನೇ ಹಿಡಿದರು.

ಉಳಿದದ್ದು ಗೋಪುರ. ಅದು ಅವರ ಹಳೆಯ ಏಣಿಯಲ್ಲಿರಲಿಲ್ಲ. ಎರಡನೆಯ ವಾರ ಅವರೇ ಕಾಗದ ಬಿಡಿಸಿ, ಎಂಟಕ್ಕೂ ಒಂಬತ್ತಕ್ಕೂ ನಡುವೆ ‘ಇಗರ್ಜಿ’ ಎಂದು ಬರೆದು ‘85’ ಎಂದು ಅಂಕ ಕೊಟ್ಟರು. ಅಂಥ ಮೆಟ್ಟಿಲನ್ನು ಒಂದೇ ಏಟಿಗೆ ಹತ್ತುವಂತಿಲ್ಲವೆಂದು ಅದನ್ನೇ ಮೂರು ದಿನದ ಕೆಲಸವಾಗಿ ಒಡೆದುಕೊಂಡರು.

ಮೊದಲ ದಿನ ಸುಮಾರು ನೂರು ಮೆಟ್ಟಿಲು. ಸುರುಳಿ ಮೆಟ್ಟಿಲು ಇಕ್ಕಟ್ಟು. ತಿರುಗುತ್ತ ತಿರುಗುತ್ತ ಹತ್ತಬೇಕು. ಗೋಡೆಯ ಕಂಡಿಗಳಿಂದ ಹೊರಗಿನ ಬೆಳಕೂ ಗಾಳಿಯೂ ಒಳನುಗ್ಗುತ್ತವೆ. ಒಂದು ಕಂಡಿಯ ಬಳಿ ಗೋಡೆಗೆ ಆತು ನಿಂತು, “ಇನ್ನ ಎಪ್ಪತ್ತ ಅದ. ಇಳೀಲಿ, ಆಮ್ಯಾಲೆ ನಾವೂ ಇಳಿಯೂಣು” ಎಂದರು. ಮೇಲೆ ಹೋಗುವ ಶಾಲೆಯ ಹುಡುಗರು ಒಬ್ಬೊಬ್ಬರಾಗಿ ಸರಿದುಹೋದರು. ಭಯ ಇಳಿದ ಮೇಲೆಯೇ ನಾವು ಇಳಿದದ್ದು. ಆ ಒಂದು ವ್ಯತ್ಯಾಸ ದೊಡ್ಡದು: ಅಂದು ಅವರು ಓಡಿಬರಲಿಲ್ಲ, ನಡೆದು ಬಂದರು.

ಎರಡನೆಯ ಸಲ ಒಂದು ದಿನ ಬಿಟ್ಟು ಹೋದೆವು. ಅಂದು ಜಗುಲಿಯನ್ನು ಮುಟ್ಟಿದರು. ಆದರೆ ಬಾಗಿಲಿನ ಹತ್ತಿರದ ಗೋಡೆಗೆ ಬೆನ್ನು ಹಚ್ಚಿ ನಿಂತರು, ಅಂಚಿಗೆ ಹೋಗಲಿಲ್ಲ. ಕಣ್ಣು ಮಾತ್ರ ಮುಚ್ಚಲಿಲ್ಲ. ನಲವತ್ತು ನಿಮಿಷ ಹಾಗೆಯೇ ನಿಂತು, ಎದುರಿಗೆ ಕಾಣುವ ವೋಜ್ ಪರ್ವತದ ನೀಲಿ ಸಾಲನ್ನೇ ನೋಡಿದರು. ನಾವು ಅಷ್ಟರಲ್ಲಿ ಗೋಡೆಯ ಕಲ್ಲುಗಳ ಮೇಲೆ ಹಿಂದಿನವರು ಕೊರೆಸಿದ ಹೆಸರುಗಳನ್ನು ಓದುತ್ತಿದ್ದೆವು. ಗಯಟೆಯ ಹೆಸರೂ ಅಲ್ಲಿದೆ.

ಮೂರನೆಯ ಸಲ, ನಾವು ಊರಿಗೆ ಹೊರಡುವ ಮುನ್ನಾದಿನ. ಅತ್ತಿಗೆಯವರು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಬಂದರು. ನಿಂತರು. ಮತ್ತೆ ಎರಡು ಹೆಜ್ಜೆ. ನಿಂತರು. ಹೀಗೆ ಅಂಚಿನ ಕಲ್ಲುಗಟಾರದ ತನಕ ಬರಲು ಕಾಲು ತಾಸು ಹಿಡಿಯಿತು. ಕಲ್ಲಿನ ಮೇಲೆ ಎರಡು ಕೈಯಿಟ್ಟು ಕೆಳಗೆ ನೋಡಿದರು. ಚೌಕದಲ್ಲಿ ಮನುಷ್ಯರು ಸಾಸಿವೆ ಕಾಳಿನಂತೆ ಕಾಣುತ್ತಿದ್ದರು. ಆಮೇಲೆ ಕೈಯೆತ್ತಿ ಸೆರಗಿನ ಚುಂಗಿಗೆ ಒರೆಸಿಕೊಂಡು, ಕೈ ಊರದೆಯೇ ನಿಂತರು. “ಎಷ್ಟು?” ಎಂದು ನಾವು ಕೇಳಿದೆವು. “ಐವತ್ತೈದು,” ಎಂದರು, ಸ್ವಲ್ಪ ತಡೆದು, “ಗಾಳಿ ಛೊಲೊ ಅದ” ಎಂದರು.

ಓದುಗರು ಇದನ್ನು ಪವಾಡವೆಂದು ತಿಳಿಯಬಾರದು. ಅಂದಿಗೂ ಅವರ ಭಯ ಸೊನ್ನೆಯಾಗಿರಲಿಲ್ಲ. ಗಯಟೆಯಂತೆ ತುದಿಯಿಂದಲೇ ಆರಂಭಿಸುವುದು ಇಪ್ಪತ್ತರ ಹರೆಯದ, ಹಟವಾದಿಯಾದ ತರುಣನಿಗೆ ಸಾಧಿಸಿತು, ಎಲ್ಲರಿಗೂ ಸಾಧಿಸದು. ಆದರೆ ಆತನ ಕಾಲು ಗಂಟೆಯ ಕೂರುವಿಕೆಗೂ ನಮ್ಮ ಅತ್ತಿಗೆಯವರ ಅರ್ಧ ತಾಸಿನ ನಿಲ್ಲುವಿಕೆಗೂ ಇರುವ ತಿರುಳು ಒಂದೇ. ಭಯ ಹೋದ ಮೇಲೆ ಹೆಜ್ಜೆಯಿಡುತ್ತೇನೆಂದು ಕಾಯುವವರಿಗೆ ಆ ದಿನ ಬರುವುದಿಲ್ಲ. ಭಯವನ್ನು ಜೊತೆಗಿಟ್ಟುಕೊಂಡೇ ಒಂದು ಹೆಜ್ಜೆಯಿಟ್ಟು, ಅಲ್ಲಿಯೇ ನಿಂತರೆ, ದಣಿಯುವುದು ಅದು, ನಾವಲ್ಲ.

ಪರಸ್ಥಳದ ನಮ್ಮ ಸಂಸಾರಗಳಲ್ಲಿ ಇಂಥ ಭಯಗಳು ಅನೇಕ. ಸೊಸೆಗೆ ಗಿಜಿಗುಡುವ ಲೋಕಲ್ ಗಾಡಿಯ ಭಯ. ಹೊಸದಾಗಿ ಚೆನ್ನೈಗೋ ದಿಲ್ಲಿಗೋ ಬಂದ ಹುಡುಗನಿಗೆ ಪರಭಾಷೆಯಲ್ಲಿ ಬಾಯಿ ತೆರೆಯುವ ಭಯ. ಅಜ್ಜಿಗೆ ಲಿಫ್ಟಿನ ಭಯ. ಮಗುವಿಗೆ ನಾಯಿಯ ಭಯ. ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ನಕ್ಕು, ಗದರಿಸಿ ಮುಂದಕ್ಕೆ ನೂಕುತ್ತಾರೆ. ಇಲ್ಲವೆ ಕರುಣೆಯಿಂದ ಅವರ ಕೆಲಸವನ್ನೆಲ್ಲ ತಾವೇ ಮಾಡಿಕೊಟ್ಟು ಭಯವನ್ನು ಸಾಕುತ್ತಾರೆ. ಇವೆರಡರ ನಡುವೆ ಮೂರನೆಯದೊಂದು ದಾರಿಯಿದೆ: ಬಾಜೂಕ ಸುಮ್ಮನೆ ನಿಲ್ಲುವುದು.

ಒಂದೆರಡು ಎಚ್ಚರಿಕೆಯ ಮಾತೂ ಅಗತ್ಯ. ಎದೆಯ ಕಾಯಿಲೆಯುಳ್ಳವರು, ಘೋರವಾದ ಅಪಘಾತ, ಹಿಂಸೆಗಳನ್ನು ಕಂಡು ಬೆದರಿದವರು, ಭಯದಿಂದ ಮನೆಯನ್ನೇ ಬಿಟ್ಟು ಹೊರಬರಲಾರದವರು ವೈದ್ಯರನ್ನು ಕಾಣದೆ ಇದನ್ನು ಆರಂಭಿಸಬಾರದು. ರಕ್ತ ಕಂಡರೆ ಮೂರ್ಛೆ ಹೋಗುವವರಿಗೆ ಕ್ರಮವೇ ಬೇರೆ. ಅವರ ರಕ್ತದೊತ್ತಡ ಥಟ್ಟನೆ ಇಳಿಯುವುದರಿಂದ ಕೈಕಾಲಿನ ಸ್ನಾಯುಗಳನ್ನು ಸಡಿಲಬಿಡದೆ ಬಿಗಿಹಿಡಿಯುವುದನ್ನು ಕಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂಥ ಕಡೆಗಳಲ್ಲಿ ಈ ಚಿಕಿತ್ಸೆಯಲ್ಲಿ ಪಳಗಿದವರಿದ್ದಾರೆ. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿ, ಯಾವ ಊರಿನಲ್ಲಿದ್ದರೂ ಸಲಹೆ ಕೇಳಬಹುದು.

ನಮ್ಮ ಹೊಸ ಮನೆಯ ಬೀಗದಕೈ ಇನ್ನೂ ಸಿಕ್ಕಿಲ್ಲ. ಕಟ್ಟಡ ಹತ್ತೊಂಬತ್ತನೆಯ ಮಾಳಿಗೆಯವರೆಗೆ ಎದ್ದಿದೆ. ಅತ್ತಿಗೆಯವರು ಅಭ್ಯಾಸ ಬಿಟ್ಟಿಲ್ಲ. ಪ್ರತಿ ರವಿವಾರ ಸಂಘದ ಗೆಳತಿಯೊಬ್ಬರ ಒಂಬತ್ತನೆಯ ಮಾಳಿಗೆಯ ಮನೆಗೆ ಹೋಗಿ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಇಬ್ಬರೂ ಮಾತಾಡುತ್ತ ಅಕ್ಕಿ ಆರಿಸುತ್ತಾರೆ. ಕೆಲವು ದಿನ ಅಂಕ ಇಪ್ಪತ್ತು. ಕೆಲವು ದಿನ ಕಾರಣವಿಲ್ಲದೆ ಐವತ್ತು. ಐವತ್ತಾದ ದಿನ ಅಕ್ಕಿ ಹೆಚ್ಚು ಆರಿಸುತ್ತಾರೆ, ಅಷ್ಟೆ. ಧಾರವಾಡದ ಮನೆಯ ಮಾತು ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಕೇಳಿಬಂದಿಲ್ಲ. ಹೋದ ವಾರ ಹೊಸ ಮನೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ, ಅತ್ತಿಗೆಯವರು ಕನ್ನಡಕ ಏರಿಸಿಕೊಂಡು ಬಂದು, ಬಾಲ್ಕನಿಗೆ ಯಾವ ದಿಕ್ಕಿನ ಬಿಸಿಲು ಬೀಳುತ್ತದೆ, ತುಳಸಿ ಕುಂಡಕ್ಕೆ ಅಲ್ಲಿ ಜಾಗವಿದೆಯೇ ಎಂದು ವಿಚಾರಿಸಿದರು.